ಓಡದ ರಥದ ಒಡೆತನ

2010ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ, ದೆಹಲಿಯು ಕಾಮನ್‌ವೆಲ್ತ್ ಕ್ರೀಡಾಕೂಟದ ಗುಂಗಿನಲ್ಲಿದ್ದ ಕಾಲದಲ್ಲಿ, ಬುಗಾಟಿ ಎಂಬ ಫ್ರೆಂಚ್ ಸಂಸ್ಥೆಯು ವೇರಾನ್ ಎಂಬ ಹೆಸರಿನ ತನ್ನ ಕಾರನ್ನು ಈ ನಗರದಲ್ಲಿ ಅನಾವರಣಗೊಳಿಸಿ, ಅದರ ಬೆಲೆ 16 ಕೋಟಿ ರೂಪಾಯಿಗಳೆಂದು ಘೋಷಿಸಿತು. ಆ ಅಂಕಿಯನ್ನು ಕೇಳಿ ಕೆಲವರು ಬೆರಗಾದರು, ಕೆಲವರು ನಿಟ್ಟುಸಿರಿಟ್ಟರು, ಬಡವರ ದೇಶದಲ್ಲಿ ಇದೆಂತಹ ಅವಿವೇಕವೆಂದು ಮತ್ತೆ ಕೆಲವರು ಸಿಡಿಮಿಡಿಗೊಂಡರು. ಈ ಮೂರು ಪ್ರತಿಕ್ರಿಯೆಗಳೂ ಸಹಜವಾದವುಗಳೇ. ಆದರೆ ಮೂರೂ ಬೆಲೆಯ ಬಳಿಯಲ್ಲಿಯೇ ನಿಂತುಬಿಡುವಂಥವು. ಅಷ್ಟು ಹಣವನ್ನು ತೆತ್ತವನು ನಿಜವಾಗಿ ಕೊಂಡದ್ದು ಏನನ್ನು, ಕೊಂಡಮೇಲೆ ಅದು ಯಾವ ಅರ್ಥದಲ್ಲಿ ಅವನದಾಯಿತು ಎಂಬ ಪ್ರಶ್ನೆಯನ್ನು ಎತ್ತಿದರೆ ಮಾತ್ರ ಈ ವಿಷಯವು ವರ್ತಮಾನಪತ್ರಿಕೆಯ ಅಂಕಣದಿಂದ ಹೊರಟು ಉಪನಿಷತ್ತಿನ ಅಂಗಳಕ್ಕೆ ಬರುತ್ತದೆ.

ಮೊದಲು ಯಂತ್ರದ ವಿಚಾರವನ್ನು ಹೇಳಿಬಿಡುವುದು ನ್ಯಾಯ. ಏಕೆಂದರೆ ಅದು ಅಲ್ಪವಾದ ಯಂತ್ರವಲ್ಲ. ಆಲ್ಸಾಸ್ ಸೀಮೆಯ ಮೋಲ್ಸೈಮ್ ಎಂಬ ಊರಿನಲ್ಲಿ 2005ರಿಂದ 2015ರವರೆಗೆ ಜೋಡಣೆಗೊಂಡ ಈ ಕಾರಿನ ಬೆನ್ನಿನಲ್ಲಿ ಎಂಟು ಲೀಟರ್ ಗಾತ್ರದ, ಹದಿನಾರು ಸಿಲಿಂಡರುಗಳ, ನಾಲ್ಕು ಟರ್ಬೋಗಳ ಎಂಜಿನ್ ಇದೆ. ಅದರ ಬಲ 1001 ಅಶ್ವಶಕ್ತಿ. ಅದರ ಕಾವನ್ನು ತಣಿಸುವುದಕ್ಕೆ ಹತ್ತು ರೇಡಿಯೇಟರುಗಳು ಬೇಕಾದವು. ಅದರ ಪರಮಾವಧಿ ವೇಗ ಗಂಟೆಗೆ 407 ಕಿಲೋಮೀಟರ್ ಆದರೂ, ಆ ವೇಗವು ದಿನಬಳಕೆಯ ಕೀಲಿಗೆ ದಕ್ಕುವಂಥದಲ್ಲ. ಚಾಲಕನ ಆಸನದ ಎಡಮಗ್ಗುಲಿಗೆ, ಕೆಳಗಡೆ, ಇನ್ನೊಂದು ಕೀಲಿಕಿಂಡಿಯಿದೆ. ಕಾರನ್ನು ನಿಲ್ಲಿಸಿಕೊಂಡು, ಎರಡನೆಯದೊಂದು ಕೀಲಿಯನ್ನು ಅಲ್ಲಿ ತೂರಿಸಿ ತಿರುಗಿಸಿದರೆ, ಯಂತ್ರವು ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಂಡು, ಎಲ್ಲವೂ ಸರಿಯಿದೆಯೆಂದು ಕಂಡರೆ ಒಡಲನ್ನು ನೆಲದ ಹತ್ತಿರಕ್ಕೆ ತಗ್ಗಿಸಿ, ಹಿಂಬದಿಯ ರೆಕ್ಕೆಯನ್ನು ಒಳಕ್ಕೆಳೆದುಕೊಂಡು ಆ ಮಹಾಧಾವನಕ್ಕೆ ಅಣಿಯಾಗುತ್ತದೆ. ಆ ಕೀಲಿಯಿಲ್ಲದವನು 375ಕ್ಕೆ ತೃಪ್ತನಾಗಬೇಕು. ಪೂರ್ಣವೇಗದಲ್ಲಿ ಓಡಿದರೆ ನೂರು ಲೀಟರಿನ ಪೆಟ್ರೋಲ್ ಟ್ಯಾಂಕು ಸುಮಾರು ಹನ್ನೆರಡು ನಿಮಿಷಗಳಲ್ಲಿ ಬರಿದಾಗುತ್ತದೆ. ಟೈರುಗಳು ಆ ವೇಗವನ್ನು ತಾಳುವುದು ಸುಮಾರು ಹದಿನೈದು ನಿಮಿಷ ಮಾತ್ರ. ಆದಕಾರಣ ಟೈರು ಸಿಡಿಯುವುದಕ್ಕೆ ಮುಂಚೆಯೇ ಎಣ್ಣೆ ಮುಗಿದು ಪ್ರಾಣವುಳಿಯುತ್ತದೆಂದು ಬಲ್ಲವರು ನಗೆಯಾಡುವುದುಂಟು. ಹನ್ನೆರಡು ನಿಮಿಷಗಳ ಆ ಓಟ ಎಂಬತ್ತು ಕಿಲೋಮೀಟರಿನಷ್ಟಾಯಿತು. ಎಂದರೆ, ಹಾದಿಯೆಲ್ಲ ನಿರ್ಜನವಾಗಿದೆಯೆಂದು ಭಾವಿಸಿಕೊಂಡರೂ, ದೆಹಲಿಯಿಂದ ಹೊರಟವನು ಪಾಣಿಪತ್ತನ್ನು ಮುಟ್ಟಲಾರ.

ಹಾದಿ ನಿರ್ಜನವಾಗಿರುವುದಿಲ್ಲವೆಂಬುದನ್ನು ದೆಹಲಿಯಲ್ಲಿ ಒಂದು ದಿನ ಕಳೆದವರಿಗೂ ಹೇಳಬೇಕಾದ್ದಿಲ್ಲ. 2012ರಲ್ಲಿ ತೆರೆದ, ಗ್ರೇಟರ್ ನೋಯ್ಡಾದಿಂದ ಆಗ್ರಾಕ್ಕೆ ಹೋಗುವ 165 ಕಿಲೋಮೀಟರ್ ಉದ್ದದ ಯಮುನಾ ಎಕ್ಸ್‌ಪ್ರೆಸ್‌ವೇಯೇ ಈ ಸೀಮೆಯ ಕಾರುಪ್ರಿಯರ ಕನಸಿನ ಹಾದಿ. ಅಲ್ಲಿಯೂ ಕಾರಿಗೆ ವಿಧಿಸಿರುವ ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್, ಚಳಿಗಾಲದ ಮಂಜಿನಲ್ಲಿ ಇನ್ನೂ ಕಡಿಮೆ. ಉಳಿದದ್ದು ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಗೌತಮ ಬುದ್ಧ ನಗರ ಜಿಲ್ಲೆಯಲ್ಲಿರುವ ಕಾರಣಕ್ಕೆ ಆ ಹೆಸರು ಬಂದಿತೆಂಬುದು ನಿಜವಾದರೂ, ಸಕಲ ಧಾವನವನ್ನೂ ನಿಲ್ಲಿಸಿ ಮರದಡಿಯಲ್ಲಿ ಕುಳಿತ ಮಹಾಪುರುಷನ ಹೆಸರನ್ನು 5.125 ಕಿಲೋಮೀಟರಿನ ಓಟದ ಸುತ್ತಿಗೆ ಇಟ್ಟದ್ದು ವಿಧಿಯ ವಿನೋದವೆಂದೇ ತೋರುತ್ತದೆ. 2011ರಿಂದ 2013ರವರೆಗೆ ಮೂರು ವರ್ಷ ಅಲ್ಲಿ ಫಾರ್ಮುಲಾ ಒನ್ ಪಂದ್ಯಗಳು ನಡೆದವು. ಅನಂತರ ಅವು ನಿಂತುಹೋದವು.

ಹೀಗಾಗಿ ಇಂತಹ ಕಾರಿನ ಆಯುಷ್ಯವೆಲ್ಲ ಬಹುಮಟ್ಟಿಗೆ ನಿಲುವಿನಲ್ಲಿಯೇ ಕಳೆಯುತ್ತದೆ. ದಕ್ಷಿಣ ದೆಹಲಿಯ ತೋಟದ ಬಂಗಲೆಗಳ ನೆಲಮಾಳಿಗೆಗಳಲ್ಲಿ, ಹವಾನಿಯಂತ್ರಿತ ಕೊಠಡಿಯೊಳಗೆ, ಒಳಮೈಗೆ ಮೆತ್ತನೆಯ ಬಟ್ಟೆ ಹೊಲಿದ ಕವರನ್ನು ಹೊದ್ದು ಅದು ನಿಂತಿರುತ್ತದೆ. ನಿಂತು ನಿಂತು ಬ್ಯಾಟರಿ ಸತ್ತುಹೋಗದಿರಲೆಂದು ಗೋಡೆಯ ಪ್ಲಗ್ಗಿನಿಂದ ಬಂದ ಟ್ರಿಕಲ್ ಚಾರ್ಜರಿನ ತಂತಿ ಹನಿಹನಿಯಾಗಿ ವಿದ್ಯುತ್ತನ್ನು ಉಣಿಸುತ್ತಿರುತ್ತದೆ. ಒಂದೇ ಭಂಗಿಯಲ್ಲಿ ಭಾರ ಹೊತ್ತ ಟೈರುಗಳು ತಳದಲ್ಲಿ ಚಪ್ಪಟೆಯಾಗದಂತೆ ಆಗಾಗ ಒಂದೆರಡು ಮೊಳ ಮುಂದಕ್ಕೆ ಹಿಂದಕ್ಕೆ ಉರುಳಿಸುವುದೂ ಉಂಟು. ಪ್ರದರ್ಶನಕ್ಕೆ ಹೋಗಬೇಕಾದಾಗ ಅದು ತನ್ನ ಕಾಲಮೇಲೆ ಹೋಗುವುದಿಲ್ಲ. ಚಪ್ಪಟೆ ಹಾಸಿನ ಲಾರಿಯೊಂದು ಬಂದು ಅದನ್ನು ಹೊತ್ತೊಯ್ಯುತ್ತದೆ. ಓಡೋಮೀಟರಿನ ಅಂಕಿ ಏರಿದಷ್ಟೂ ಬೆಲೆ ಇಳಿಯುವ ಲೋಕವಿದು. ಇಂತಹ ಕಾರನ್ನು ಆ ವಲಯದವರು ಗ್ಯಾರೇಜ್ ಕ್ವೀನ್ ಎಂದು ಅರ್ಧ ಪ್ರೀತಿಯಿಂದಲೂ ಅರ್ಧ ತಾತ್ಸಾರದಿಂದಲೂ ಕರೆಯುತ್ತಾರೆ. ನಮ್ಮ ಆಯುಧಪೂಜೆಯ ದಿನ ಚಕ್ರದ ಕೆಳಗೆ ನಿಂಬೆಹಣ್ಣನ್ನಿಟ್ಟು ಗಾಡಿಯನ್ನು ಮುಂದಕ್ಕೆ ಬಿಡುವುದು ವಾಡಿಕೆಯಷ್ಟೆ. ಹಾದಿಯ ವಿಘ್ನಗಳು ನಿವಾರಣೆಯಾಗಲೆಂಬುದು ಅಲ್ಲಿನ ಪ್ರಾರ್ಥನೆ. ಹಾದಿಯೇ ಇಲ್ಲದ ವಾಹನಕ್ಕೆ ಪೂಜೆ ಮಾಡುವ ಪುರೋಹಿತನು ಯಾವ ಸಂಕಲ್ಪವನ್ನು ಹೇಳಬೇಕೋ ತಿಳಿಯದು.

ಇಲ್ಲಿಂದ ನಿಜವಾದ ಪ್ರಶ್ನೆ ಆರಂಭವಾಗುತ್ತದೆ. ಭೋಗವಸ್ತುವನ್ನು ಕೈಯಲ್ಲಿಟ್ಟುಕೊಂಡು, ಭೋಗಿಸುವ ಶಕ್ತಿಯಿದ್ದೂ, ಭೋಗಿಸದೆ ಇರುವವನನ್ನು ನಮ್ಮ ಶಾಸ್ತ್ರಗಳು ಏನೆಂದು ಕರೆಯುತ್ತವೆ? ಮೇಲುನೋಟಕ್ಕೆ ಅವನು ಸಂಯಮಿಯೇ ಸರಿ. 1001 ಕುದುರೆಗಳ ಬಲವನ್ನು ಲಾಯದಲ್ಲಿ ಕಟ್ಟಿಹಾಕಿ, ಕಡಿವಾಣವನ್ನು ಮುಟ್ಟದೆ, ನೋಡಿ ಮಾತ್ರ ಸಂತೋಷಪಡುವವನಿಗಿಂತ ದೊಡ್ಡ ನಿಗ್ರಹ ಯಾರಿಗಿದೆ? ಕಠೋಪನಿಷತ್ತಿನಲ್ಲಿ ಯಮನು ಬಾಲಕ ನಚಿಕೇತನಿಗೆ ಶರೀರವನ್ನು ರಥವೆಂದೂ ಬುದ್ಧಿಯನ್ನು ಸಾರಥಿಯೆಂದೂ ಇಂದ್ರಿಯಗಳನ್ನು ಕುದುರೆಗಳೆಂದೂ ಭಾವಿಸಲು ಉಪದೇಶಿಸಿದ್ದು ಪ್ರಸಿದ್ಧವಾಗಿದೆ. ಆದರೆ ಆ ರಥವು ನಿಂತ ರಥವಲ್ಲ. ಅದಕ್ಕೆ ದಾರಿಯುಂಟು, ದಾರಿಯ ಕೊನೆಗೆ ಪರಮಪದವುಂಟು. ಯಮನು ನಿಗ್ರಹವನ್ನು ಬೋಧಿಸಿದ್ದು ಕುದುರೆಗಳು ಸರಿಯಾಗಿ ಓಡಲೆಂದೇ ಹೊರತು ಲಾಯದಲ್ಲಿ ಅವುಗಳ ಮಾರುಕಟ್ಟೆಯ ಬೆಲೆ ಬೆಳೆಯಲೆಂದಲ್ಲ. ಹೊರಗಿನ ಇಂದ್ರಿಯಗಳನ್ನು ತಡೆದು ಒಳಗೆ ವಿಷಯವನ್ನೇ ನೆನೆಯುತ್ತ ಕುಳಿತವನನ್ನು ಗೀತೆಯ ಮೂರನೆಯ ಅಧ್ಯಾಯವು ಮಿಥ್ಯಾಚಾರನೆಂದು ತಳ್ಳಿಹಾಕುತ್ತದೆ. ನಮ್ಮ ಸಂಗ್ರಾಹಕನ ಸಂಯಮಕ್ಕೆ ಈ ಮಾತು ಸಾಕಷ್ಟು ಹತ್ತಿರ ಬರುವುದಾದರೂ ಪೂರ್ತಿಯಾಗಿ ಹೊಂದುವುದಿಲ್ಲ. ಅವನು ಕಪಟಿಯಲ್ಲ; ತಾನು ವಿರಕ್ತನೆಂದು ಅವನೆಂದೂ ಹೇಳಿಕೊಂಡಿಲ್ಲ. ಅವನ ಆನಂದವು ನಿಜವಾದ ಆನಂದವೇ. ಆದರೆ ಆ ಆನಂದದ ವಿಷಯ ಯಾವುದು ಎಂಬುದನ್ನು ಇನ್ನೂ ಸೂಕ್ಷ್ಮವಾಗಿ ವಿಚಾರಿಸಬೇಕಾಗಿದೆ.

ವೇರಾನ್ ಕಾರುಗಳು ತಯಾರಾದದ್ದು ಒಟ್ಟು 450. ಅಷ್ಟಕ್ಕೇ ನಿಂತದ್ದು ಉಕ್ಕು ಸಾಲದೆಯೂ ಅಲ್ಲ, ಕುಶಲಿಗರು ಸಾಲದೆಯೂ ಅಲ್ಲ. ಅಷ್ಟೇ ಸಾಕೆಂದು ಒಂದು ಸಂಸ್ಥೆಯು ನಿರ್ಧರಿಸಿದ್ದರಿಂದ. ಇಟಲಿಯ ಫೆರಾರಿ ಸಂಸ್ಥೆಯಲ್ಲಿ ಈ ತತ್ತ್ವವು ಬಹುಕಾಲದಿಂದ ಕುಲಾಚಾರವೇ ಆಗಿದೆ: ಬೇಡಿಕೆ ಎಷ್ಟಿದೆಯೋ ಅದಕ್ಕಿಂತ ಒಂದು ಕಡಿಮೆ ಮಾಡಬೇಕು. ಅಂದಮೇಲೆ ಈ ವಸ್ತುಗಳ ಬೆಲೆಯಲ್ಲಿ ಕಬ್ಬಿಣಕ್ಕೆ, ಚರ್ಮಕ್ಕೆ, ಯಂತ್ರವಿದ್ಯೆಗೆ ಸಲ್ಲುವ ಪಾಲು ಒಂದಿಷ್ಟಾದರೆ, ಮಾಡದೆ ಬಿಟ್ಟ ಕಾರುಗಳಿಗೆ ಸಲ್ಲುವ ಪಾಲು ಅದಕ್ಕಿಂತ ಹೆಚ್ಚಿನದು. ನಮ್ಮ ವೈಶೇಷಿಕರು ದ್ರವ್ಯ, ಗುಣ, ಕರ್ಮಾದಿಗಳಾದ ಆರು ಪದಾರ್ಥಗಳ ಜೊತೆಗೆ ಅಭಾವವನ್ನು ಏಳನೆಯ ಪದಾರ್ಥವಾಗಿ ಸೇರಿಸಿದಾಗ, ಇಲ್ಲದಿರುವುದು ಒಂದು ಪದಾರ್ಥ ಹೇಗಾದೀತೆಂದು ಎದುರಾಳಿಗಳು ತಗಾದೆ ತೆಗೆದರು. ನೆಲದ ಮೇಲೆ ಮಡಕೆಯಿಲ್ಲವೆಂಬ ಜ್ಞಾನವು ನಮಗೆ ಆಗುತ್ತದೆಯಾದ್ದರಿಂದ, ಆ ಜ್ಞಾನಕ್ಕೆ ವಿಷಯವಾದ ಘಟಾಭಾವವೂ ಸತ್ಯವೇ ಎಂಬುದು ತಾರ್ಕಿಕರ ಉತ್ತರ. ಆ ಪಂಡಿತರು ಇಂದು ದೆಹಲಿಗೆ ಬಂದರೆ ತಮ್ಮ ಪಕ್ಷಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯವನ್ನು ಬೇಡಲಾರರು: ಇಲ್ಲಿ ಅಭಾವವು ಜ್ಞಾನಕ್ಕೆ ಮಾತ್ರವಲ್ಲ, ಮಾರಾಟಕ್ಕೂ ವಿಷಯವಾಗಿದೆ. ನೆರೆಮನೆಯ ಅಂಗಳವೇ ಅಧಿಕರಣ, ಎಂದರೆ ಅಭಾವವಿರುವ ನೆಲೆ; ಎಂದೂ ತಯಾರಾಗದ 451ನೆಯ ಕಾರೇ ಪ್ರತಿಯೋಗಿ, ಎಂದರೆ ಇಲ್ಲದಿರುವ ವಸ್ತು. ನಡುವೆ ನಿಂತಿರುವ ಆ ಅಭಾವವನ್ನೇ ಕೊಳ್ಳುವವನು ಕೋಟಿಗಳನ್ನು ಸುರಿದು ಕೊಳ್ಳುತ್ತಾನೆ.

ಇದನ್ನು ಒಪ್ಪಿಕೊಂಡರೆ ಕಾರು ಓಡದಿರುವುದರ ಗೂಢವೂ ತಾನಾಗಿ ಬಿಡಿಸಿಕೊಳ್ಳುತ್ತದೆ. ಕಾರನ್ನು ಓಡಿಸಬಹುದು, ಆದರೆ ಇತರರಲ್ಲಿ ಕಾರಿಲ್ಲವೆಂಬುದನ್ನು ಓಡಿಸುವುದು ಹೇಗೆ? ಅದನ್ನು ಕಾಪಾಡಬಹುದಷ್ಟೆ. ಮಾವಿನಹಣ್ಣಿನ ಭೋಗದಲ್ಲಿ ನಾಲಗೆಗೂ ಹಣ್ಣಿಗೂ ಸಂಬಂಧ. ಪಕ್ಕದವನೂ ಒಂದು ಹಣ್ಣನ್ನು ತಿನ್ನುತ್ತಿದ್ದರೆ ನನ್ನ ಹಣ್ಣಿನ ಸಿಹಿ ಕಡಿಮೆಯಾಗುವುದಿಲ್ಲ. ಸಂಗ್ರಾಹಕನ ಭೋಗದಲ್ಲಾದರೋ ಪಕ್ಕದವನ ರಿಕ್ತಹಸ್ತವೇ ರಸ. ಈಶಾವಾಸ್ಯವು ತ್ಯಾಗದ ಮೂಲಕವೇ ಭೋಗವೆಂಬ ವಿಚಿತ್ರವಾದ ಮಾರ್ಗವನ್ನು ತೋರಿಸಿ, ಅನ್ಯರ ಧನಕ್ಕೆ ಆಸೆಪಡಬೇಡವೆಂದು ಎಚ್ಚರಿಸಿತು. ಅನ್ಯರ ಧನಕ್ಕೆ ಆಸೆಪಡದೆಯೂ, ಅನ್ಯರ ಇಲ್ಲದಿರುವಿಕೆಗೆ ಆಸೆಪಡಬಹುದೆಂಬುದನ್ನು ಆ ಋಷಿಯು ಊಹಿಸಿದ್ದನೋ ಇಲ್ಲವೋ ಹೇಳಬಾರದು. ಊಹಿಸಿದ್ದರೆ ಆ ಮಂತ್ರಕ್ಕೆ ಇನ್ನರ್ಧ ಸಾಲು ಕೂಡಿಬರುತ್ತಿತ್ತು.

ಜೈನಕವಿಗಳಿಗೆ ಈ ರೋಗದ ಪರಿಚಯ ಚೆನ್ನಾಗಿಯೇ ಇತ್ತು. 941ರಲ್ಲಿ ಪಂಪನು ರಚಿಸಿದ ಆದಿಪುರಾಣದಲ್ಲಿ ಭರತಚಕ್ರವರ್ತಿಯು ಷಟ್ಖಂಡಗಳನ್ನು ಗೆದ್ದು, ತನ್ನ ಕೀರ್ತಿಯನ್ನು ಕೆತ್ತಿಸಲೆಂದು ವೃಷಭಾಚಲದ ಬಳಿಗೆ ಬರುವ ಪ್ರಸಂಗವನ್ನು ಓದಿದವರು ಮರೆಯಲಾರರು. ಹದಿನಾಲ್ಕು ರತ್ನಗಳ, ನವನಿಧಿಗಳ ಒಡೆಯನಾದ ತನಗೆ ಸಮಾನನು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲವೆಂದು ಉಬ್ಬಿ ಬಂದ ಅವನಿಗೆ, ಆ ಬೆಟ್ಟದ ಬಂಡೆಯ ತುಂಬ ತನ್ನಂತೆಯೇ ಗೆದ್ದು ಬಂದು ಹೆಸರು ಕೆತ್ತಿಸಿಹೋದ ಚಕ್ರವರ್ತಿಗಳ ಪ್ರಶಸ್ತಿಗಳು ಕಿಕ್ಕಿರಿದು ಕಾಣುತ್ತವೆ. ಬೆರಳಿಡಲು ಎಡೆಯಿಲ್ಲ. ಕೊನೆಗೆ ಹಿಂದಿನವನೊಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಸುತ್ತಾನೆ. ಆ ಅಳಿಸುವ ಕೈಯನ್ನು ನಾವು ಗಮನಿಸಬೇಕು. ಅನನ್ಯತೆಯ ಹಂಬಲವು ಕೊನೆಗೆ ಬಂದು ಮುಟ್ಟುವುದು ಅಲ್ಲಿಗೇ. ದಿಗ್ವಿಜಯ ಮುಗಿಸಿ ಬಂದ ಆ ಚಕ್ರವರ್ತಿಯ ಚಕ್ರರತ್ನವೇ ರಾಜಧಾನಿಯ ಬಾಗಿಲಲ್ಲಿ ಮುಂದೆ ಉರುಳಲೊಲ್ಲದೆ ನಿಂತುಬಿಟ್ಟಿತೆಂಬುದೂ, ತಮ್ಮನಾದ ಬಾಹುಬಲಿಯು ತನ್ನ ಭಾಗದ ನೆಲವನ್ನು ಹಿಡಿದಿರುವವರೆಗೆ ಅದು ಒಳಹೊಗಲಿಲ್ಲವೆಂಬುದೂ ಅದೇ ಕಥೆಯ ಮಾತು.

ವೃಷಭಾಚಲದ ಬಂಡೆಯು ಈಗ ದೆಹಲಿಯ ಸುತ್ತ ನಂಬರ್ ಪ್ಲೇಟಿನ ರೂಪವನ್ನು ತಾಳಿದೆ. ಸಾರಿಗೆ ಇಲಾಖೆಗಳು 0001 ಮೊದಲಾದ ಸಂಖ್ಯೆಗಳನ್ನು ಹರಾಜಿಗೆ ಇಡುತ್ತವೆ. 2025ರ ನವೆಂಬರಿನಲ್ಲಿ ಹರಿಯಾಣದಲ್ಲಿ ಎಚ್‌ಆರ್ 88 ಬಿ 8888 ಎಂಬ ಸಂಖ್ಯೆಗೆ 1.17 ಕೋಟಿ ರೂಪಾಯಿಗಳ ಕೂಗು ಬಿದ್ದು, ಆಮೇಲೆ ಕೂಗಿದವರು ಹಣ ಕಟ್ಟದೆ ಹೋದದ್ದನ್ನು ಓದುಗರು ಬಲ್ಲರು. ಅಲ್ಲಿ ಕಾರು ಕೂಡ ಬೇಕಾಗಿರಲಿಲ್ಲ. ಬರಿಯ ಅಂಕಿ ಸಾಕಾಗಿತ್ತು.

ಧನಕ್ಕೆ ದಾನ, ಭೋಗ, ನಾಶಗಳೆಂಬ ಮೂರು ಗತಿಗಳನ್ನು ಭರ್ತೃಹರಿ ಹೇಳಿದ್ದಾನೆ. ಕೊಡದೆ ಉಣ್ಣದೆ ಇದ್ದವನ ಧನಕ್ಕೆ ಮೂರನೆಯ ಗತಿಯೇ ಗತಿಯೆಂದು ತೀರ್ಮಾನವನ್ನೂ ಕೊಟ್ಟಿದ್ದಾನೆ. ಇಂದಿನ ಸಂಗ್ರಾಹಕರು ಆ ತೀರ್ಮಾನವನ್ನು ಗೆದ್ದೆವೆಂದು ಭಾವಿಸಿಕೊಂಡಿದ್ದಾರೆ. ಏಕೆಂದರೆ ಅವರ ವಸ್ತುವು ಕೊಡದೆ ಉಣ್ಣದೆ ಇಟ್ಟಷ್ಟೂ ಬೆಳೆಯುತ್ತದೆ. 1962ರಿಂದ 1964ರವರೆಗೆ 36 ಮಾತ್ರ ತಯಾರಾದ ಫೆರಾರಿ 250 ಜಿಟಿಒ ಕಾರುಗಳಲ್ಲಿ ಒಂದು 2018ರಲ್ಲಿ 4.84 ಕೋಟಿ ಡಾಲರುಗಳಿಗೆ ಹರಾಜಾಯಿತು. 2022ರಲ್ಲಿ ಮರ್ಸಿಡಿಸ್ ಸಂಸ್ಥೆಯು ತನ್ನಲ್ಲಿದ್ದ ಎರಡೇ ಎರಡು ಊಲೆನ್‌ಹೌಟ್ ಕೂಪೆಗಳಲ್ಲಿ ಒಂದನ್ನು 13.5 ಕೋಟಿ ಯೂರೋಗಳಿಗೆ ಮಾರಿತು. ಭರ್ತೃಹರಿಯ ಲೆಕ್ಕಕ್ಕೆ ಸಿಗದ ನಾಲ್ಕನೆಯ ಗತಿಯೊಂದು ಹುಟ್ಟಿದೆಯೆಂದೇ ಇದರಿಂದ ಒಪ್ಪಬೇಕಾಗುತ್ತಿತ್ತು. ಆದರೆ ದೆಹಲಿಯು ವಿಲಕ್ಷಣವಾದ ಊರು. ಇಲ್ಲಿ ನಾಶಕ್ಕೆ ಸರ್ಕಾರಿ ದಿನಾಂಕವಿದೆ.

ಇಲ್ಲಿಯ ಗಾಳಿಯ ದುರವಸ್ಥೆಯನ್ನು ಕಂಡು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2014ರಲ್ಲಿಯೂ 2015ರಲ್ಲಿಯೂ ಕೊಟ್ಟ ಆಜ್ಞೆಗಳ ಪ್ರಕಾರ ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನವೂ ಹತ್ತು ವರ್ಷ ದಾಟಿದ ಡೀಸೆಲ್ ವಾಹನವೂ ರಾಜಧಾನಿ ವಲಯದ ಬೀದಿಗಳಲ್ಲಿ ಓಡತಕ್ಕದ್ದಲ್ಲ. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂತಹ ವಾಹನಗಳಿಗೆ ದೆಹಲಿಯ ಪೆಟ್ರೋಲ್ ಬಂಕುಗಳಲ್ಲಿ ಎಣ್ಣೆ ಹಾಕಕೂಡದೆಂದು ಕಟ್ಟು ಮಾಡಿ, ನಂಬರ್ ಪ್ಲೇಟುಗಳನ್ನು ಓದುವ ಕ್ಯಾಮೆರಾಗಳನ್ನು ಹೂಡಿದ್ದೂ, ಜನರ ಕೂಗಾಟಕ್ಕೆ ಮಣಿದು ಕೆಲವೇ ದಿನಗಳಲ್ಲಿ ಅದನ್ನು ಹಿಂದೆಗೆದದ್ದೂ, ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಮಾಲಕರ ಮೇಲೆ ಬಲವಂತದ ಕ್ರಮ ಬೇಡವೆಂದು ಹೇಳಿದ್ದೂ ಈಚಿನ ಕಥೆ. ಆಜ್ಞೆಗಳ ಏರಿಳಿತ ಹೇಗೇ ಇರಲಿ, ನನ್ನ ಗಮನ ಸೆಳೆದದ್ದು ಎಣಿಕೆಯ ಕ್ರಮ. ಕಾನೂನು ಎಣಿಸುವುದು ನೋಂದಣಿಯ ದಿನದಿಂದ ಸಂದ ವರ್ಷಗಳನ್ನು, ಸಂದ ಮೈಲಿಗಳನ್ನಲ್ಲ. ದಿನವೂ ಹೊಗೆಯುಗುಳಿ ಲಕ್ಷ ಕಿಲೋಮೀಟರ್ ಓಡಿದ ಟ್ಯಾಕ್ಸಿಗೂ, ಕವರಿನಡಿಯಲ್ಲಿ ನಿದ್ರಿಸಿದ ವೇರಾನಿಗೂ ಕಾಲವು ಒಂದೇ. 2010ರಲ್ಲಿ ಇಲ್ಲಿ ನೋಂದಣಿಯಾದ ಪೆಟ್ರೋಲ್ ಕಾರು, ಅದು ಯಾವ ಮಹಾರಾಜನದೇ ಆಗಿರಲಿ, 2025ಕ್ಕೆ ಹದಿನೈದನ್ನು ಮುಟ್ಟಿತು. ಓಡದೆ ಇದ್ದರೆ ಮುಪ್ಪು ಬಾರದೆಂಬ ನಂಬಿಕೆಯನ್ನು ಯಯಾತಿಯು ಕೂಡ ಇಟ್ಟುಕೊಂಡಿರಲಿಲ್ಲ.

ಇದರ ಮೇಲೊಂದು ಸ್ವಾರಸ್ಯವುಂಟು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ, ಮೂಲರೂಪವನ್ನು ಉಳಿಸಿಕೊಂಡ ವಾಹನವು ವಿಂಟೇಜ್ ವಾಹನವೆನಿಸಿ, ವಿಎ ಎಂಬ ಅಕ್ಷರಗಳ ಗೌರವಾನ್ವಿತ ನಂಬರನ್ನು ಪಡೆದು, ಪ್ರದರ್ಶನಗಳಿಗೂ ರ‍್ಯಾಲಿಗಳಿಗೂ ಹೋಗಿಬರಬಹುದು. 1964ರಿಂದ ಸ್ಟೇಟ್ಸ್‌ಮನ್ ಪತ್ರಿಕೆಯವರು ದೆಹಲಿಯಲ್ಲಿ ನಡೆಸಿಕೊಂಡು ಬಂದಿರುವ ಹಳೆಯ ಕಾರುಗಳ ರ‍್ಯಾಲಿಯನ್ನು ನೋಡಿದವರಿಗೆ ಆ ಮುದುಕರ ಠೀವಿ ಗೊತ್ತು. ಹದಿನೈದಕ್ಕೆ ಹೇಯವಾದದ್ದು ಐವತ್ತಕ್ಕೆ ಪೂಜ್ಯವಾಗುತ್ತದೆ. ನಡುವಣ ಮೂವತ್ತೈದು ವರ್ಷಗಳ ಕಾಲ ವಾಹನದ್ದು ತ್ರಿಶಂಕುವಿನ ಸ್ಥಿತಿ. ಮೂಲರೂಪವೆಂದರೆ ಯಾವುದೆಂಬುದು ಬೇರೆಯ ತೊಡಕು: ಮಿಲಿಂದನೆಂಬ ಯವನರಾಜನನ್ನು ಭಿಕ್ಷು ನಾಗಸೇನನು, ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ ಎಂದು ಒಂದೊಂದನ್ನೇ ಕೇಳಿ ಬಾಯಿ ಕಟ್ಟಿಸಿದ ಪ್ರಸಂಗವನ್ನು ನಮ್ಮ ಹರಾಜಿನವರು ಓದಿದ್ದರೆ, ಚಾಸಿ ನಂಬರಿಗೂ ಎಂಜಿನ್ ನಂಬರಿಗೂ ತಾಳೆಯಾದರೆ ಇದು ಅದೇ ಕಾರು ಎಂದು ಅಷ್ಟು ಧೈರ್ಯವಾಗಿ ಪ್ರಮಾಣಪತ್ರ ಬರೆಯುತ್ತಿರಲಿಲ್ಲ.

ಇಷ್ಟರಲ್ಲಿ ಸಂಗ್ರಾಹಕರ ಪರವಾಗಿ ಹೇಳಬಹುದಾದ ಒಂದು ಬಲವಾದ ಮಾತನ್ನು ಕೇಳದೆ ಮುಂದುವರಿಯುವುದು ಧರ್ಮವಾಗದು. ನಾವು ಒಡೆಯರಲ್ಲ, ಮುಂದಿನ ತಲೆಮಾರಿಗಾಗಿ ಕಾಯ್ದಿಡುವ ಪಾಲಕರು ಮಾತ್ರ ಎಂದು ಅವರಲ್ಲಿ ಅನೇಕರು ಹೇಳುತ್ತಾರೆ. ದೆಹಲಿಯ ಬಿರ್ಲಾ ಭವನದಲ್ಲಿ ತಮ್ಮ ಕಡೆಯ ದಿನಗಳನ್ನು ಕಳೆದ ಗಾಂಧೀಜಿಯವರು ಶ್ರೀಮಂತರಿಗೆ ಬೋಧಿಸಿದ ಧರ್ಮದರ್ಶಿತ್ವವೂ ಹೆಚ್ಚುಕಡಿಮೆ ಇದೇ ನುಡಿಯಲ್ಲಿತ್ತು. ಬಳಸದೆ ಕಾಯ್ದಿಡುವುದು ಎಲ್ಲ ಕಾಲಕ್ಕೂ ಲೋಭವೆಂದು ಹೇಳಲೂ ಬಾರದು. ನಮ್ಮ ನಾಡಿನಲ್ಲಿಯೇ ಇದಕ್ಕೆ ಮಹತ್ತಾದ ದೃಷ್ಟಾಂತವಿದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಆಗಮಗ್ರಂಥಗಳ ತಾಡವೋಲೆಗಳು, ಹಳಗನ್ನಡ ಲಿಪಿಯಲ್ಲಿ ಬರೆದವು, ಶತಮಾನಗಳ ಕಾಲ ಓದುವವರಿಲ್ಲದೆ ಭದ್ರವಾಗಿದ್ದವು. ಯಾತ್ರಿಕರು ದೂರದೂರದಿಂದ ಬಂದು ಅವುಗಳ ದರ್ಶನ ಮಾಡಿ, ಕೈಮುಗಿದು, ಕಾಣಿಕೆಯಿಟ್ಟು ಹೋಗುತ್ತಿದ್ದರು. ಓಲೆಯ ಮೇಲಿನ ಅಕ್ಷರ ಮಾತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆಧುನಿಕನಾದವನು ಇದನ್ನು ಜ್ಞಾನದ ಸೆರೆವಾಸವೆಂದಾನು. ಆದರೆ ಬೇರೆಲ್ಲಿಯೂ ಉಳಿಯದ ಆ ಗ್ರಂಥಗಳು ಅಲ್ಲಿ ಉಳಿದುವೆಂಬುದನ್ನು ಅವನೂ ಅಲ್ಲಗಳೆಯಲಾರ; ದಿನದಿನವೂ ಬಿಚ್ಚಿ ಓದಿದ್ದರೆ ಓಲೆಗಳು ಎಂದೋ ಮುರಿದು ಪುಡಿಯಾಗುತ್ತಿದ್ದುವೇನೋ. ಕೊನೆಗೆ ಕಾಲ ಕೂಡಿಬಂದು, ಪ್ರತಿಗಳಾಗಿ, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಧವಲೆಯು ಸಂಪುಟ ಸಂಪುಟವಾಗಿ ಅಚ್ಚಾಗಿ ಹೊರಬಂದಿತು.

ಹಾಗಾದರೆ ಬಸದಿಯ ಭಟ್ಟಾರಕರಿಗೂ ನೆಲಮಾಳಿಗೆಯ ಸಂಗ್ರಾಹಕನಿಗೂ ಭೇದವೇನು? ಇಬ್ಬರೂ ಬಳಸಲಿಲ್ಲ; ಇಬ್ಬರೂ ಬೀಗ ಹಾಕಿದರು; ಇಬ್ಬರೂ ಅಪರೂಪಕ್ಕೊಮ್ಮೆ ಬಾಗಿಲು ತೆರೆದು ತೋರಿಸಿದರು. ಈ ಪ್ರಶ್ನೆಯನ್ನು ಬಹಳ ಹೊತ್ತು ತಿರುವಿ ಹಾಕಿದಮೇಲೆ ನನಗೆ ಕಂಡ ಭೇದ ಇಷ್ಟು. ಧವಲೆಯು ಅಚ್ಚಾಗಿ ಸಾವಿರ ಮನೆಗಳನ್ನು ಸೇರಿದಾಗ ಮೂಡುಬಿದಿರೆಯ ಓಲೆಗಳ ಮಹಿಮೆ ಎಳ್ಳಷ್ಟೂ ಕುಗ್ಗಲಿಲ್ಲ, ಬೆಳೆಯಿತು. ಯಾತ್ರಿಕರು ಈಗಲೂ ಹೋಗುತ್ತಾರೆ. ನಾಳೆ ಮೋಲ್ಸೈಮಿನವರು ಮನಸ್ಸು ಮಾಡಿ ಅದೇ ಅಚ್ಚಿನಲ್ಲಿ ಇನ್ನೊಂದು ಸಾವಿರ ವೇರಾನುಗಳನ್ನು ತಯಾರಿಸಿದರೆ, ಇರುವ 450 ಕಾರುಗಳ ಒಂದು ತಿರುಪು ಕೂಡ ಬದಲಾಗುವುದಿಲ್ಲವಾದರೂ ಅವುಗಳ ಒಡೆಯರು ಕೋರ್ಟಿನ ಮೆಟ್ಟಿಲೇರುತ್ತಾರೆ. ವಸ್ತುವು ಹತ್ತಾಗಲಿ ಎಂದು ಬಯಸಬಲ್ಲವನು ಪಾಲಕ. ಹತ್ತಾದರೆ ಕೆಟ್ಟೆನೆಂದು ಅಂಜುವವನು ಕಾಯುತ್ತಿರುವುದು ವಸ್ತುವನ್ನಲ್ಲ. ಮಹಾವೀರನು ಹೇಳಿದ ಪರಿಗ್ರಹವು ವಸ್ತುಗಳ ರಾಶಿಗಿಂತ ಹೆಚ್ಚಾಗಿ ಅವುಗಳ ಮೇಲಿನ ಮೂರ್ಛೆಯೆಂದು ಜೈನಶಾಸ್ತ್ರಕಾರರು ನಿರ್ಣಯಿಸಿದ್ದು ಇಂತಹ ಸ್ಥಳದಲ್ಲಿ ಬಹು ಉಪಯುಕ್ತವಾಗುತ್ತದೆ. ಹತ್ತು ಕಾರುಗಳಿದ್ದೂ ಅಪರಿಗ್ರಹಿಯಾಗಿರುವುದು ಕಷ್ಟವಾದರೂ ಅಸಾಧ್ಯವಲ್ಲ; ಅಭಾವವನ್ನು ಆಸ್ತಿ ಮಾಡಿಕೊಂಡವನಿಗೆ ಒಂದೇ ಕಾರಿದ್ದರೂ ಅದು ಅಸಾಧ್ಯ.

ಪ್ರಪಂಚದಲ್ಲಿ ಒಂದೇ ಒಂದು ತಯಾರಾದ ವಾಹನವೆಂದರೆ ಪುಷ್ಪಕವಿಮಾನ. ಕುಬೇರನಿಂದ ರಾವಣನು ಅದನ್ನು ಕಸಿದುಕೊಂಡ. ರಾವಣನಳಿದಮೇಲೆ ರಾಮನು ಅದನ್ನು ಏರಿ, ಸೀತಾಲಕ್ಷ್ಮಣರನ್ನೂ ಕಪಿಸೇನೆಯನ್ನೂ ಕೂರಿಸಿಕೊಂಡು ಅಯೋಧ್ಯೆಯವರೆಗೆ ಬಂದು, ಇಳಿದ ಕೂಡಲೇ, ನಿನ್ನ ಒಡೆಯನ ಬಳಿಗೆ ಹೋಗೆಂದು ಅದನ್ನು ಬೀಳ್ಕೊಟ್ಟ. ಕಸಿದುಕೊಂಡವನ ಊರಿನಲ್ಲಿ ಅದು ನಿಧಿಯಾಗಿತ್ತು. ರಾಮನ ಕೈಯಲ್ಲಿ ಒಂದು ಪ್ರಯಾಣವಾಯಿತು. ನಮ್ಮ ಕಾಲದಲ್ಲಿ ಇದಕ್ಕೆ ಹತ್ತಿರವಾದದ್ದನ್ನು ನಾನು ಕಂಡದ್ದು ಕ್ಯಾಥೊಲಿಕ್ ಕ್ರೈಸ್ತರ ಪರಮಾಚಾರ್ಯರಲ್ಲಿ. ಫೆರಾರಿ ಸಂಸ್ಥೆಯು ತನ್ನ ಸ್ಥಾಪಕನ ಹೆಸರಿನ ಎಂಜೊ ಕಾರನ್ನು 399ಕ್ಕೆ ನಿಲ್ಲಿಸುವೆನೆಂದು ಹೇಳಿ, ಬಳಿಕ 400ನೆಯದನ್ನು ತಯಾರಿಸಿ 2005ರ ಜನವರಿಯಲ್ಲಿ ಪೋಪ್ ಎರಡನೆಯ ಜಾನ್ ಪಾಲರಿಗೆ ಅರ್ಪಿಸಿತು. ಅದಕ್ಕೆ ಕೆಲವೇ ವಾರಗಳ ಮುಂಚೆ, 2004ರ ಡಿಸೆಂಬರ್ 26ರಂದು, ಸುನಾಮಿಯು ನಮ್ಮ ನಾಗಪಟ್ಟಣವೂ ಸೇರಿದಂತೆ ಅನೇಕ ದೇಶಗಳ ಕಡಲತೀರಗಳನ್ನು ನುಂಗಿತ್ತು. ಪೋಪರು ಆ ಕಾರನ್ನು ಇಟ್ಟುಕೊಳ್ಳದೆ ಸಂತ್ರಸ್ತರಿಗಾಗಿ ಹರಾಜಿಗೆ ಬಿಟ್ಟರು. ಏಪ್ರಿಲಿನಲ್ಲಿ ಅವರು ತೀರಿಕೊಂಡರು. ಜೂನಿನಲ್ಲಿ ಅದು 9,50,000 ಯೂರೋಗಳಿಗೆ ಹೋಯಿತು. ಆಚೆಗೆ ಹತ್ತು ವರ್ಷಗಳಾದಮೇಲೆ, 2015ರಲ್ಲಿ, ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ ಅದೇ ಕಾರು 60 ಲಕ್ಷ ಡಾಲರುಗಳನ್ನು ದಾಟಿತು. ಇಟ್ಟುಕೊಳ್ಳದೆ ಬಿಟ್ಟವರ ಹೆಸರೇ ಇಟ್ಟುಕೊಂಡವರಿಗೆ ಬೆಲೆಯಾಗಿ ಒದಗಿತೆಂಬ ಈ ಸಂಗತಿಗೆ ನಗಬೇಕೋ ಮರುಗಬೇಕೋ ನಾನು ಅರಿಯೆ.

ಎಲ್ಲರೂ ರಾಮರೂ ಅಲ್ಲ, ಪೋಪರೂ ಅಲ್ಲ. ಕೊಂಡವರು ಕೊಟ್ಟುಬಿಡಬೇಕೆಂದು ಹೇಳುವುದು ಬರೆಯುವವನಿಗೆ ಸುಲಭ. ಅದಕ್ಕಿಂತ ಸಣ್ಣದಾದ, ಮಾಡಬಹುದಾದ ದಾರಿಗಳು ನಮ್ಮ ಕಣ್ಣೆದುರಿಗೇ ಇವೆ.  ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳ ವಸ್ತುಸಂಗ್ರಹಾಲಯವಿದೆ. ಮಂಜುನಾಥನ ದರ್ಶನ ಮುಗಿಸಿ, ಅನ್ನಛತ್ರದಲ್ಲಿ ಉಂಡು ಬಂದ ರೈತರ ಮಕ್ಕಳು ಅಲ್ಲಿ ಮಹಾರಾಜರ ಕಾಲದ ವಾಹನಗಳ ದೀಪಗಳನ್ನೂ ಕೊಂಬುಗಳನ್ನೂ ಕಣ್ಣರಳಿಸಿ ನೋಡುತ್ತಾರೆ. ದೆಹಲಿಯ ಮಗ್ಗುಲಲ್ಲಿ, ಗುರುಗ್ರಾಮದಿಂದಾಚೆ ತಾವಡುವಿನಲ್ಲಿ, 2013ರಲ್ಲಿ ತರುಣ್ ಠಕ್ರಾಲ್ ಅವರು ತೆರೆದ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ಇದೆ. ಪಲ್ಲಕ್ಕಿ, ಎತ್ತಿನಗಾಡಿ, ರೈಲಿನ ಸಲೂನ್ ಡಬ್ಬಿ, ಪುಟ್ಟ ವಿಮಾನ, ಕಾರುಗಳು, ಎಲ್ಲವೂ ಒಂದೇ ಸೂರಿನಡಿಯಲ್ಲಿ ನಿಂತು, ಟಿಕೆಟ್ಟು ಕೊಂಡ ಯಾರಿಗಾದರೂ ದರ್ಶನ ಕೊಡುತ್ತವೆ. ಅಲ್ಲಿಯೂ ವಾಹನಗಳು ಓಡುವುದಿಲ್ಲ. ಆದರೆ ಅಲ್ಲಿ ಅಭಾವಕ್ಕೆ ಬೆಲೆಯಿಲ್ಲ.

ರಾಜಧಾನಿಯ ನೆಲಮಾಳಿಗೆಗಳಲ್ಲಿ ಇಂತಹ ರಥಗಳನ್ನು ನಿಲ್ಲಿಸಿಕೊಂಡಿರುವವರಲ್ಲಿ ನನ್ನ ಬಿನ್ನಹವಿಷ್ಟೇ. ವರ್ಷಕ್ಕೊಂದು ದಿನ, ಮಹಾನವಮಿಯಂದೇ ಆಗಲಿ, ಕವರನ್ನು ತೆಗೆದು ಗೇಟನ್ನು ತೆರೆದಿಡಿರಿ. ನಿಮ್ಮ ಮನೆಯ ಕಾವಲುಗಾರನ ಮಕ್ಕಳನ್ನೂ, ಅಡುಗೆಯವಳ ಮಕ್ಕಳನ್ನೂ, ಬೀದಿಯ ಕೊನೆಯ ಶಾಲೆಯ ಮಕ್ಕಳನ್ನೂ ಒಳಗೆ ಕರೆದು, ಆ ಎರಡನೆಯ ಕೀಲಿಯನ್ನು ಅವರ ಕೈಗೆ ಕೊಟ್ಟು ತೋರಿಸಿರಿ. ಹದಿನಾರು ಸಿಲಿಂಡರುಗಳನ್ನು ಒಂದು ನಿಮಿಷ ಮೊಳಗಿಸಿರಿ. ಬಣ್ಣದ ಮೇಲೆ ಬೆರಳಿನ ಗುರುತು ಬಿದ್ದರೆ ಒರೆಸಿದರಾಯಿತು.